ಪುಟ್ಟ ಮಕ್ಕಳ ಮೇಷ್ಟ್ರು ಜಿ.ಪಿ. ರಾಜರತ್ನಂ

ನೀವು ಓದಿದ್ದು ಉರ್ದು ಶಾಲೆಯಲ್ಲಾಗಲಿ, ಕನ್ನಡ ಶಾಲೆಯಲ್ಲಾಗಲಿ, ಒಂದರಿಂದ ಹತ್ತರವರೆಗೆ ಎಣಿಸುತ್ತಾ ಎಲೆ ಹಾಸಿ ಊಟ ಬಡಿಸುವ ಹಾಡನ್ನು ಕೇಳದೆ ಬಂದವರಲ್ಲ. ತಗಡಿನ ತುತ್ತೂರಿ ಕೊಂಡು ಬೀದಿಯಲ್ಲಿ ಮೆರೆದ ಹುಡುಗನ ಹಾಡೂ ನಿಮಗೆ ಗೊತ್ತು. ನಾಯಿಮರಿಯ ಜೊತೆ ತಿಂಡಿಯ ವಿಚಾರ ಮಾತಾಡುವ ಹಾಡೂ ಗೊತ್ತು. ಇವನ್ನು ಬರೆದವರು ಯಾರು ಎಂದು ಕೇಳಿದರೆ ಮಾತ್ರ ಹತ್ತರಲ್ಲಿ ಎಂಟು ಜನ ಸುಮ್ಮನಾಗುತ್ತೀರಿ. ಕೆಲವರು ಇವು ಹಿಂದಿನಿಂದ ಬಂದ ಜನಪದ ಹಾಡುಗಳು ಎಂದೇ ತಿಳಿದಿದ್ದೀರಿ. ಈ ಮೂರನ್ನೂ ಬರೆದವರು ಒಬ್ಬರೇ, ಅವರು ಜಿ.ಪಿ. ರಾಜರತ್ನಂ.

ನಮ್ಮ ಸಂಸ್ಥೆಯ ವಾರ್ಷಿಕ ಸಂಚಿಕೆಯಲ್ಲಿ ಈ ಮಹನೀಯರ ಬಗ್ಗೆ ಬರೆಯಲು ಒಂದು ಕಾರಣವಿದೆ. ನಮ್ಮ ಮನೆಗಳಲ್ಲಿ ಮಗು ಮೊದಲು ಕೇಳುವುದು ದಖನಿ ಉರ್ದು. ಮೂರು ವರ್ಷಕ್ಕೆ ಅಂಗನವಾಡಿಗೋ ನರ್ಸರಿಗೋ ಕಾಲಿಟ್ಟಾಗ ಸುತ್ತಲೂ ಕನ್ನಡ. ಮನೆಯಲ್ಲಿ ಪಟಪಟನೆ ಮಾತಾಡುತ್ತಿದ್ದ ಮಗು ಅಲ್ಲಿ ಬಾಯಿ ಬಿಡುವುದಿಲ್ಲ. ಮಗು ದಡ್ಡ ಎಂದು ಯಾರೋ ಹೇಳಿಬಿಡುತ್ತಾರೆ, ತಂದೆತಾಯಿ ನಂಬಿಯೂ ಬಿಡುತ್ತಾರೆ. ಅದು ದಡ್ಡತನ ಅಲ್ಲ. ಆ ಮಗುವಿಗೆ ಇನ್ನೂ ಯಾರೂ ಕನ್ನಡದಲ್ಲಿ ಆಟ ಆಡಿಸಿಲ್ಲ, ಅಷ್ಟೇ. ಈ ಆಟವನ್ನು ಹೇಗೆ ಆಡಿಸಬೇಕೆಂದು ಸುಮಾರು 90 ವರ್ಷಗಳ ಹಿಂದೆಯೇ ತೋರಿಸಿಕೊಟ್ಟವರು ರಾಜರತ್ನಂ. ಆದ್ದರಿಂದ ಅವರ ಬದುಕನ್ನೂ, ಅವರ ಹಾಡುಗಳನ್ನು ಆಟವಾಗಿ ಆಡಿಸುವ ಬಗೆಯನ್ನೂ ಒಟ್ಟಿಗೆ ನಿಮ್ಮ ಮುಂದಿಡುತ್ತಿದ್ದೇನೆ.

ರಾಜರತ್ನಂ ಹುಟ್ಟಿದ್ದು 1908ರ ಡಿಸೆಂಬರ್ 5ರಂದು, ರಾಮನಗರದಲ್ಲಿ. ಮನೆತನದ ಮೂಲ ತಮಿಳುನಾಡಿನ ಕಡೆಯದು. ಹಿಂದಿನವರು ಗುಂಡ್ಲುಪೇಟೆಗೆ ಬಂದು ನೆಲೆಸಿದವರು. ಹೆಸರಿನ ಹಿಂದಿರುವ ಜಿ.ಪಿ. ಎಂಬ ಅಕ್ಷರಗಳು ಗುಂಡ್ಲು ಪಂಡಿತ ಎಂಬ ಮನೆತನದ ಹೆಸರಿನ ಗುರುತು. ಬಡತನದ ಸಂಸಾರ. ತಾಯಿಯ ಪ್ರೀತಿ ಚಿಕ್ಕಂದಿನಲ್ಲೇ ತಪ್ಪಿಹೋಯಿತು. ಅಜ್ಜಿಯ ಆರೈಕೆಯಲ್ಲಿ ಬೆಳೆದರು. ತಂದೆ ಗೋಪಾಲಕೃಷ್ಣ ಅಯ್ಯಂಗಾರ್ಯರು ಉಪಾಧ್ಯಾಯರು, ಒಳ್ಳೆಯ ಮೇಷ್ಟ್ರು ಎಂದು ಹೆಸರು ಪಡೆದವರು.

ಹುಡುಗ ತುಂಟ. ಮೊದಲು ಇವರ ಹೆಸರು ರಾಜಯ್ಯಂಗಾರ್ ಎಂದಿತ್ತು. ಅದು ಅವರಿಗೆ ಹಿಡಿಸಲಿಲ್ಲ. ಲೋಯರ್ ಸೆಕೆಂಡರಿ ಓದುವಾಗ ಶಾಲೆಯ ಗುಮಾಸ್ತರನ್ನು ಪುಸಲಾಯಿಸಿ ದಾಖಲೆಯಲ್ಲಿ ರಾಜರತ್ನಂ ಎಂದು ತಿದ್ದಿಸಿಕೊಂಡರಂತೆ. ಇಂದು ಹೆಸರಿನ ಒಂದು ಅಕ್ಷರ ತಿದ್ದಿಸಲು ಅಫಿಡವಿಟ್ ಹಿಡಿದು ಅಲೆದಾಡುವ ನಮ್ಮ ಪಾಲಕರಿಗೆ ಇದನ್ನು ಓದಿ ಹೊಟ್ಟೆಯುರಿಯಬಹುದು!

1931ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದಿಂದ ಕನ್ನಡದಲ್ಲಿ ಎಂ.ಎ. ಮುಗಿಸಿದರು. ಕನ್ನಡ ಎಂ.ಎ. ಎಂಬುದೇ ಆಗ ಹೊಸತು. ದೊಡ್ಡ ಪದವಿ ಕೈಯಲ್ಲಿತ್ತು, ಕೆಲಸ ಮಾತ್ರ ಇರಲಿಲ್ಲ. ಪ್ರಪಂಚದಾದ್ಯಂತ ಆರ್ಥಿಕ ಮುಗ್ಗಟ್ಟಿನ ವರ್ಷಗಳು ಅವು. ಬೇರೆ ದಾರಿ ಕಾಣದೆ ಶಿಶುವಿಹಾರದಲ್ಲಿಯೂ ತಂದೆಯವರ ಶಾಲೆಯಲ್ಲಿಯೂ ಚಿಕ್ಕ ಮಕ್ಕಳಿಗೆ ಪಾಠ ಹೇಳಲು ನಿಂತರು. ಸ್ವಲ್ಪ ಯೋಚಿಸಿ ನೋಡಿ. ಪಂಪ ರನ್ನರನ್ನು ಓದಿ ಬಂದ ಯುವಕನ ಮುಂದೆ ಮೂಗು ಸುರಿಸುತ್ತಾ ಕೂತ ಪುಟಾಣಿಗಳು. ಕೆಲವರು ಇಂಥ ಕೆಲಸವನ್ನು ಅವಮಾನವೆಂದು ತಿಳಿದು ದಿನ ದೂಡುತ್ತಾರೆ. ರಾಜರತ್ನಂ ಹಾಗೆ ಮಾಡಲಿಲ್ಲ. ತಮ್ಮ ಮುಂದಿರುವ ಮಕ್ಕಳಿಗೆ ಬೇಕಾದ ಹಾಡು ಕನ್ನಡದಲ್ಲಿ ಸಾಕಷ್ಟು ಇಲ್ಲವೆಂದು ಕಂಡು ತಾವೇ ಬರೆಯಲು ಕೂತರು. ‘ತುತ್ತೂರಿ’ ಎಂಬ ಶಿಶುಗೀತೆಗಳ ಪುಸ್ತಕ ಹೊರಬಂದದ್ದು ಆ ದಿನಗಳಲ್ಲಿಯೇ.

ಅವರಿಗಿಂತ ಮೊದಲು ಮಕ್ಕಳಿಗಾಗಿ ಬರೆದವರು ಇರಲಿಲ್ಲವೆಂದಲ್ಲ. ದಕ್ಷಿಣ ಕನ್ನಡದಲ್ಲಿ ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಕೆಲಸ ಮಾಡಿದ ಪಂಜೆ ಮಂಗೇಶರಾಯರು (1874–1937) ಆ ದಾರಿಯನ್ನು ತೆರೆದಿದ್ದರು. ಆದರೆ ಪಂಜೆಯವರ ಎಷ್ಟೋ ಪದ್ಯಗಳು ಓದು ಬಲ್ಲ, ಸ್ವಲ್ಪ ದೊಡ್ಡ ಮಕ್ಕಳಿಗೆ ಹೊಂದುವಂಥವು. ಇನ್ನೂ ಅಕ್ಷರ ಕಲಿಯದ, ಮೂರು ನಾಲ್ಕು ವರ್ಷದ ಕೂಸುಗಳ ಬಾಯಿಗೆ ಹೊಂದುವ ಮಾತನ್ನು ಹಿಡಿದವರು ರಾಜರತ್ನಂ ಎಂಬುದು ನನ್ನ ಅಭಿಪ್ರಾಯ. ಎರಡೆರಡು ಮೂರು ಮೂರು ಅಕ್ಷರದ ಪದಗಳು, ಪುಟ್ಟ ಸಾಲು, ಸಾಲಿನ ಕೊನೆಗೆ ಪ್ರಾಸ. ಮಗು ಒಂದು ಸಾಲನ್ನು ಹೇಳಿದರೆ ಮುಂದಿನದು ತಾನಾಗಿ ನಾಲಗೆಗೆ ಬರುತ್ತದೆ.

ಬಿ.ಎಡ್. ಓದಿದವರಿಗೆಲ್ಲ ಫ್ರೊಬೆಲ್ ಹೆಸರು ಗೊತ್ತು. ಜರ್ಮನಿಯ ಈ ಶಿಕ್ಷಣತಜ್ಞರು 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಆಟದ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟರು. ಚೆಂಡು, ಮರದ ತುಂಡು, ವೃತ್ತವಾಗಿ ನಿಂತು ಆಡುವ ಹಾಡು, ಇವೇ ಅಲ್ಲಿಯ ಪಠ್ಯಪುಸ್ತಕ. ಪರೀಕ್ಷೆಗೆ ನಾವು ಇದನ್ನು ಐದು ಅಂಕಕ್ಕೆ ಬರೆದು ಮರೆತುಬಿಡುತ್ತೇವೆ. ರಾಜರತ್ನಂ ಅವರ ಹಾಡುಗಳನ್ನು ಎದುರಿಗಿಟ್ಟುಕೊಂಡರೆ ಅದೇ ವಿಚಾರ ಕನ್ನಡದ ಬಟ್ಟೆ ತೊಟ್ಟು ನಮ್ಮ ಮುಂದೆ ಬಂದು ನಿಲ್ಲುತ್ತದೆ.

ಊಟದ ಹಾಡನ್ನೇ ತೆಗೆದುಕೊಳ್ಳಿ. ಎರಡೆರಡು ಅಂಕಿಗೆ ಒಂದೊಂದು ಕೆಲಸ: ಎಲೆ ಹಾಸುವುದು, ಅನ್ನ ಹಾಕುವುದು, ಸಾರು, ಪಲ್ಯ, ಕೊನೆಗೆ ಎಲೆ ಮಡಿಸಿ ಎತ್ತುವುದು. ಇದು ಒಂದು ಆಟವೆಂದು ಕವಿಯೇ ಹಾಡಿನ ಕೊನೆಯಲ್ಲಿ ತಿಳಿಸಿದ್ದಾರೆ. ನಾವು ಮಾತ್ರ ಅದನ್ನು ಆಟದಿಂದ ಬೇರೆ ಮಾಡಿ, ಮಕ್ಕಳನ್ನು ಕೈಕಟ್ಟಿ ನಿಲ್ಲಿಸಿ ಕಂಠಪಾಠ ಒಪ್ಪಿಸಲು ಹೇಳುತ್ತೇವೆ. ನೀವು ಹೀಗೆ ಮಾಡಿ ನೋಡಿ. ಎಂಟು ಹತ್ತು ಮಕ್ಕಳನ್ನು ಜಮಖಾನದ ಮೇಲೆ ವೃತ್ತವಾಗಿ ಕೂರಿಸಿ. ಬಾಳೆಲೆಯ ತುಂಡು ಸಿಕ್ಕರೆ ಬಹಳ ಒಳ್ಳೆಯದು, ಇಲ್ಲವಾದರೆ ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಎಲೆಯಂತೆ ಕತ್ತರಿಸಿದರೂ ನಡೆಯುತ್ತದೆ. ಎರಡೂವರೆ ವರ್ಷದ ಮಗು ಎಲೆ ಹಂಚುವ ಕೆಲಸ ಮಾಡಲಿ, ಹಾಡು ಬಾರದಿದ್ದರೂ ಚಿಂತೆಯಿಲ್ಲ. ನಾಲ್ಕು ವರ್ಷದವರು ಅಂಕಿ ಹೇಳಲಿ. ಐದು ವರ್ಷದವರು ಬಡಿಸುವವರಾಗಲಿ. ಅನ್ನಕ್ಕೆ ಮಂಡಕ್ಕಿ ಇರಲಿ; ನಮ್ಮ ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿಗೆ ಬರವಿಲ್ಲ. ಸಾರಿಗೆ ಖಾಲಿ ಲೋಟ, ಪಲ್ಯಕ್ಕೆ ನಿಜವಾದ ದಂಟಿನ ಸೊಪ್ಪಿನ ಒಂದು ಕಡ್ಡಿ. ದಂಟು ಎಂಬ ಪದ ಉರ್ದು ಮನೆಯ ಮಗುವಿಗೆ ಹೊಸದು. ಕೈಗೆ ಕೊಟ್ಟು ಮುಟ್ಟಿಸಿದರೆ ಅರ್ಥ ಹೇಳುವ ಶ್ರಮವೇ ಇಲ್ಲ. ಕೊನೆಗೆ ಎಲೆಯನ್ನು ಮಡಿಸಿ ಎತ್ತಿಕೊಂಡು ಹೋಗಿ ಬುಟ್ಟಿಗೆ ಹಾಕುವುದನ್ನು ಬಿಡಬೇಡಿ. ಮಕ್ಕಳಿಗೆ ಅದೇ ಬಹಳ ಇಷ್ಟ, ಬೆರಳಿಗೂ ಅದೇ ಒಳ್ಳೆಯ ವ್ಯಾಯಾಮ.

ಉರ್ದು ಮಕ್ಕಳಿಗೆ ಮೊದಲ ಸಲ ಏಕ್, ದೋ, ತೀನ್ ಎಂದು ಎಣಿಸುತ್ತಾ ದಸ್ತರ್‌ಖಾನ್ ಹಾಸುವ ಆಟ ಆಡಿಸಿ. ಎರಡನೇ ಸಲ ಅದೇ ಆಟ, ಅದೇ ಎಲೆ, ಅಂಕಿ ಮಾತ್ರ ಕನ್ನಡದ್ದು. ಕೈಗೆ ಮೊದಲೇ ತಿಳಿದ ಕೆಲಸಕ್ಕೆ ಹೊಸ ಮಾತು ಅಂಟಿಕೊಳ್ಳುವುದು ಸುಲಭ. ನಮ್ಮ ಆಂಖ್ ಮಿಚೋಲಿಯೂ ಕನ್ನಡದ ಕಣ್ಣಾಮುಚ್ಚಾಲೆಯೂ ಒಂದೇ ಆಟವಲ್ಲವೇ? ಮಗುವಿಗೆ ಅದು ಕ್ಷಣದಲ್ಲಿ ತಿಳಿಯುತ್ತದೆ, ದೊಡ್ಡವರಿಗೇ ತಡವಾಗುತ್ತದೆ.

ತುತ್ತೂರಿಯ ಹಾಡಿನ ಕಥೆ ಇನ್ನೂ ಸೊಗಸು. ಹುಡುಗನೊಬ್ಬ ತುತ್ತೂರಿ ಕೊಂಡು ತನ್ನ ಹತ್ತಿರ ಬಿಟ್ಟರೆ ಬೇರೆ ಯಾರ ಹತ್ತಿರವೂ ಇಲ್ಲವೆಂದು ಜಂಬಪಡುತ್ತಾನೆ. ಕೊಳದ ಬಳಿ ಅದು ಜಾರಿ ನೀರಿಗೆ ಬೀಳುತ್ತದೆ. ಆಮೇಲೆ ಎಷ್ಟು ಊದಿದರೂ ಸ್ವರ ಬಾರದೆ ಗೊಗ್ಗರು ಸದ್ದು ಮಾತ್ರ. ಇದನ್ನು ಆಡಿಸುವುದಾದರೆ ಒಂದು ಎಚ್ಚರಿಕೆ. ಒಂದೇ ತುತ್ತೂರಿ ತಂದು ಒಬ್ಬ ಮಗುವಿಗೆ ಕೊಟ್ಟರೆ ಹಾಡಿನ ಜಗಳ ನಿಜವಾಗಿಯೇ ನಡೆದುಹೋಗುತ್ತದೆ! ಹಳೆಯ ಕ್ಯಾಲೆಂಡರಿನ ದಪ್ಪ ಕಾಗದವನ್ನು ಸುರುಳಿ ಸುತ್ತಿ ಅಂಟಿಸಿ ಪ್ರತಿಯೊಂದು ಮಗುವಿಗೂ ಒಂದೊಂದು ತುತ್ತೂರಿ ಮಾಡಿಕೊಡಿ. ಬಣ್ಣ ಅವರೇ ಹಚ್ಚಲಿ. ನಂತರ ಮೆರವಣಿಗೆ ಹೊರಡಿಸಿ. ನೀರಿಗೆ ಬೀಳುವ ಜಾಗ ಬಂದಾಗ ಎಲ್ಲರೂ ಒಟ್ಟಿಗೆ ಕುಕ್ಕರಗಾಲಲ್ಲಿ ಕುಳಿತು ಗಂಟಲಿನಿಂದ ಗೊಗ್ಗರು ಸದ್ದು ಮಾಡಲಿ. ನಗು ಎಷ್ಟಾಗುತ್ತದೆಂದು ನೋಡಿ. ಮೂರು ವರ್ಷದ ಒಳಗಿನ ಮಕ್ಕಳಿಗೆ ಜಂಬ, ನೀತಿ ಇವೆಲ್ಲ ವಿವರಿಸಬೇಡಿ. ಅವರಿಗೆ ಸದ್ದು ಸಾಕು. ಐದು ವರ್ಷದ ಮಗು ತಾನಾಗಿಯೇ ಆ ಹುಡುಗ ಏಕೆ ಹಾಗಾದ ಎಂದು ಕೇಳುತ್ತದೆ, ಆಗ ಮಾತಾಡಿದರೆ ಸಾಕು.

ಮಕ್ಕಳ ಜೊತೆ ಪ್ರಾಸ ಕಟ್ಟಿ ಮಾತಾಡುವುದು ದೊಡ್ಡವರ ಘನತೆಗೆ ಕಡಿಮೆ ಎಂದು ಕೆಲವರು ತಿಳಿಯುತ್ತಾರೆ. ಪ್ರವಾದಿ ಮುಹಮ್ಮದ್ (ಸ) ಅವರ ಜೀವನದ ಒಂದು ಪ್ರಸಂಗವನ್ನು ಇಲ್ಲಿ ನೆನಪಿಸಿಕೊಳ್ಳಿ. ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಬಳಿ ನುಗೈರ್ ಎಂದು ಕರೆಯುವ ಒಂದು ಚಿಕ್ಕ ಹಕ್ಕಿಯಿತ್ತು. ಪ್ರವಾದಿಯವರು (ಸ) ಆ ಮನೆಗೆ ಹೋದಾಗ ಹುಡುಗನ ಹೆಸರಿಗೂ ಹಕ್ಕಿಯ ಹೆಸರಿಗೂ ಪ್ರಾಸ ಕೂಡಿಸಿ, ಹಕ್ಕಿ ಏನಾಯಿತೆಂದು ವಿಚಾರಿಸುತ್ತಿದ್ದರು. ಸಹೀಹ್ ಬುಖಾರಿಯಲ್ಲಿಯೇ ಇದು ಇದೆ. ಸಜ್ದಾದಲ್ಲಿದ್ದಾಗ ಮೊಮ್ಮಗ ಬೆನ್ನೇರಿದರೆ ಆ ಮಗು ತಾನಾಗಿ ಇಳಿಯುವವರೆಗೂ ಸಜ್ದಾವನ್ನು ದೀರ್ಘ ಮಾಡಿದ ಪ್ರಸಂಗವೂ ನಮಗೆಲ್ಲ ತಿಳಿದದ್ದೇ. ಆದ್ದರಿಂದ ಮಗುವಿನ ಆಟಕ್ಕೆ ಸಮಯ ಕೊಡುವುದು ನಮಗೆ ಹೊಸ ವಿಚಾರವೇನಲ್ಲ.

ಮತ್ತೆ ರಾಜರತ್ನಂ ಅವರ ಬದುಕಿಗೆ ಬರೋಣ. ಶಿಶುವಿಹಾರದ ಸಂಬಳದಿಂದ ಸಂಸಾರ ನಡೆಯಲಿಲ್ಲ. ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದರು. ನಿಜಾಮರ ರಾಜಧಾನಿಯಲ್ಲಿಯೂ ಕೈಗೆ ಏನೂ ದೊರೆಯಲಿಲ್ಲ. ಬೆಂಗಳೂರಿಗೆ ಹಿಂತಿರುಗಿ ಜನಗಣತಿ ಕಚೇರಿಯಲ್ಲಿ ಕೆಲಸಕ್ಕೆ ಪ್ರಯತ್ನಿಸಿದರು. ಆ ಸಮಯದಲ್ಲಿ ಅವರಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಸಂಪರ್ಕವಾಯಿತು. ಮಾಸ್ತಿಯವರು ಮೈಸೂರು ಸರ್ಕಾರದ ಹಿರಿಯ ಅಧಿಕಾರಿ. ಗುಮಾಸ್ತೆ ಕೆಲಸದ ಹಿಂದೆ ಹೋಗುವ ಬದಲು ಕನ್ನಡ ಸಾಹಿತ್ಯದ ಕೆಲಸಕ್ಕೆ ನಿಲ್ಲುವಂತೆ ಈ ಯುವಕನಿಗೆ ಬುದ್ಧಿ ಹೇಳಿದರು. ಹೊಟ್ಟೆಪಾಡಿಗೆ ಕಷ್ಟಪಡುವವನಿಗೆ ಇಂಥ ಸಲಹೆ ಕೊಡುವುದು ಸುಲಭ, ಪಾಲಿಸುವುದು ಕಷ್ಟ. ರಾಜರತ್ನಂ ಪಾಲಿಸಿದರು. ಪಾಲಿ ಭಾಷೆ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು. ಜೈನ ಸಾಹಿತ್ಯದ ಬಗೆಗೂ ಬರೆದರು. ತಮ್ಮದಲ್ಲದ ಧರ್ಮಗಳ ಗ್ರಂಥಗಳನ್ನು ಗೌರವದಿಂದ ಓದಿ, ಓದಿದ್ದನ್ನು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಹೇಳಿದ ಈ ಗುಣ ಇಂದಿನ ದಿನಗಳಲ್ಲಿ ಇನ್ನೂ ಹೆಚ್ಚು ನೆನಪಾಗುತ್ತದೆ.

ದೊಡ್ಡವರ ಲೋಕದಲ್ಲಿ ಅವರಿಗೆ ಹೆಸರು ತಂದದ್ದು ‘ರತ್ನನ ಪದಗಳು’. ರತ್ನ ಎಂಬ ಕುಡುಕನ ಬಾಯಿಂದ, ಓದುಬರಹ ಇಲ್ಲದವರ ಆಡುಮಾತಿನಲ್ಲಿ ಬಂದ ಪದ್ಯಗಳು ಅವು. ನಮ್ಮಲ್ಲಿ ಕೆಲವರು ಈ ಕಾರಣಕ್ಕೇ ರಾಜರತ್ನಂ ಹೆಸರು ಕೇಳಿದರೆ ಮುಖ ತಿರುಗಿಸುವುದುಂಟು. ಬರೆದವರು ಸ್ವತಃ ಹೆಂಡ ಮುಟ್ಟಿದವರಲ್ಲ. ಕುಡುಕನನ್ನು ಹೀಯಾಳಿಸದೆ ಅವನೊಳಗಿನ ಹೆಂಡತಿಯ ಮೇಲಿನ ಪ್ರೀತಿ, ಕನ್ನಡದ ಮೇಲಿನ ಪ್ರೀತಿಯನ್ನು ತೋರಿಸಿದರು. ಮುಂದೆ ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿ ಆ ಪದಗಳು ಮನೆಮನೆಗೂ ಹೋದವು. ಅದರ ಚರ್ಚೆ ನಮ್ಮ ಈ ಲೇಖನಕ್ಕೆ ಬೇಡ. ಒಂದನ್ನು ಮಾತ್ರ ಗಮನಿಸಿ: ಕುಡುಕನ ಮಾತನ್ನೂ ಕೂಸಿನ ಮಾತನ್ನೂ ಹಿಡಿದ ಕಿವಿ ಒಂದೇ. ಪಂಡಿತರು ಮಾತೆಂದು ಲೆಕ್ಕಕ್ಕೇ ಇಡದ ಮಾತನ್ನು ಅವರು ಕೂತು ಕೇಳಿಸಿಕೊಂಡರು.

1938ರಲ್ಲಿ ಕೊನೆಗೂ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಹುದ್ದೆ ಸಿಕ್ಕಿತು. ಮೈಸೂರು, ಬೆಂಗಳೂರು, ತುಮಕೂರು, ಶಿವಮೊಗ್ಗ ಹೀಗೆ ಹಲವು ಊರುಗಳಲ್ಲಿ ಪಾಠ ಹೇಳಿದರು. ಶಿವಮೊಗ್ಗ ಎಂದಾಗ ಹೊನ್ನಾಳಿಯ ನಮಗೆ ಸ್ವಲ್ಪ ಹೆಮ್ಮೆಯೆನಿಸುವುದು ಸಹಜ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ನಮ್ಮದು ಶಿವಮೊಗ್ಗ ಜಿಲ್ಲೆಯ ತಾಲ್ಲೂಕೇ ಆಗಿತ್ತು. ತುಂಗಭದ್ರೆಯ ದಂಡೆಯಿಂದ ಅಲ್ಲಿಗೆ ಎಷ್ಟು ದೂರ! 1964ರಲ್ಲಿ ಅವರು ನಿವೃತ್ತರಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿಗಳಿಂದ ಬರೆಸುವುದು, ಅವರ ಪುಸ್ತಕ ಅಚ್ಚು ಮಾಡಿಸುವುದು ಇವನ್ನೆಲ್ಲ ತಮ್ಮ ಕೆಲಸವೆಂದೇ ತಿಳಿದು ಮಾಡಿದರು. ಅಲ್ಲಿ ಓದಿದ ಕೆ.ಎಸ್. ನಿಸಾರ್ ಅಹಮದ್ (1936–2020) ಅವರ ಗುರುಗಳ ಸಾಲಿನಲ್ಲಿ ರಾಜರತ್ನಂ ಕೂಡ ಇದ್ದರು. ಮನೆಮಾತು ಉರ್ದುವಾಗಿದ್ದ ನಿಸಾರರು 2006ರಲ್ಲಿ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಮನೆಯಲ್ಲಿ ಬೇರೆ ಭಾಷೆ ಇದ್ದರೆ ಮಗುವಿಗೆ ಕನ್ನಡ ಬಾರದು ಎಂದು ಹೆದರುವ ಪಾಲಕರಿಗೆ ನಾನು ಈ ಹೆಸರುಗಳನ್ನು ಹೇಳುತ್ತೇನೆ.

ಪುಸ್ತಕಗಳನ್ನು ಬರೆದು ಸುಮ್ಮನೆ ಕೂರುವ ಸ್ವಭಾವ ಅವರದಲ್ಲ. ತಾವೇ ಅಚ್ಚು ಹಾಕಿಸಿ, ಚೀಲದಲ್ಲಿ ತುಂಬಿಕೊಂಡು, ಕೈಯಿಂದ ಕೈಗೆ ಮಾರಿದರು. ಮಕ್ಕಳ ಪುಸ್ತಕಗಳಿಗೆ ‘ಕಡಲೆಪುರಿ’, ‘ಗುಲಗಂಜಿ’ ಎಂದು ಹೆಸರಿಟ್ಟರು. ಹೆಸರು ಕೇಳಿದರೇ ಮಗು ಕೈ ಚಾಚುವಂತಿದೆ ನೋಡಿ. (ಆಟಕ್ಕೆ ನಿಜವಾದ ಗುಲಗಂಜಿ ಮಾತ್ರ ಕೊಡಬೇಡಿ. ಅದು ವಿಷದ ಬೀಜ.)

ಸಣ್ಣ ಮಕ್ಕಳಿಗೆ ಬರೆದವರನ್ನು ನೋಡಿದರೆ ಎಷ್ಟೋ ಜನ ಮೇಷ್ಟ್ರುಗಳೇ. ಉರ್ದುವಿನಲ್ಲಿ ಮೊದಲ ಪಾಠಪುಸ್ತಕಗಳಿಗೆ ಜೀವ ತುಂಬಿದ ಮೌಲವಿ ಇಸ್ಮಾಯಿಲ್ ಮೇರಠಿ (1844–1917) ಉಪಾಧ್ಯಾಯರು. ಟೋಟ್ ಬಟೋಟ್ ಎಂಬ ತುಂಟ ಹುಡುಗನನ್ನು ಸೃಷ್ಟಿಸಿದ ಸೂಫಿ ತಬಸ್ಸುಮ್ (1899–1978) ಲಾಹೋರಿನಲ್ಲಿ ಫಾರ್ಸಿ ಪ್ರಾಧ್ಯಾಪಕರು. ಪಂಜೆಯವರನ್ನು ಆಗಲೇ ಹೇಳಿದೆ. ಇವರೆಲ್ಲರೂ ದಿನವೂ ತರಗತಿಯಲ್ಲಿ ನಿಂತವರು. ಉರ್ದು ಕನ್ನಡ ಎರಡನ್ನೂ ಕಲಿಸುವ ನಮ್ಮಂಥ ಶಿಕ್ಷಕರಿಗೆ ಮೇರಠಿಯವರ ಪುಸ್ತಕವನ್ನೂ ರಾಜರತ್ನಂ ಅವರ ಪುಸ್ತಕವನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಳ್ಳುವ ಭಾಗ್ಯವಿದೆ. ಅದನ್ನು ಎಷ್ಟು ಜನ ಬಳಸುತ್ತೇವೆ ಎಂಬುದು ಬೇರೆ ಮಾತು.

ಸರ್ಕಾರವೂ ಈಗ ಆಟದ ಕಡೆಗೇ ಬಂದಿದೆ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಶಾಲಾಪೂರ್ವ ಶಿಕ್ಷಣವೂ ಅದರ ಒಂದು ಭಾಗವಾಗಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟವೇ ಕಲಿಕೆಯ ಮುಖ್ಯ ದಾರಿ ಎಂದು ಹೇಳಿದೆ. ಆದರೆ ಪಾಲಕರು ಇನ್ನೂ ಒಪ್ಪಿಲ್ಲ. ಮೂರು ವರ್ಷದ ಮಗು ಸ್ಲೇಟಿನ ತುಂಬ ಬರೆಯದಿದ್ದರೆ ಫೀಸು ದಂಡವಾಯಿತೆಂದು ಗೊಣಗುತ್ತಾರೆ. ಆ ವಯಸ್ಸಿನ ಬೆರಳಿಗೆ ಬಳಪ ಹಿಡಿದು ಅಕ್ಷರ ಕೊರೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಎಲೆ ಮಡಿಸಲಿ, ಮಂಡಕ್ಕಿ ಹೆಕ್ಕಲಿ, ಮಣ್ಣು ಕಲಸಲಿ, ಕೈ ಹದವಾದ ಮೇಲೆ ಅಕ್ಷರ ತಾನಾಗಿ ನೆಟ್ಟಗಾಗುತ್ತದೆ.

ಸಂಸ್ಥೆಯ ವಾರ್ಷಿಕೋತ್ಸವದಲ್ಲಾಗಲಿ, ಈದ್ ಮಿಲನ್‌ನಲ್ಲಾಗಲಿ, ನವೆಂಬರ್ 14ರ ಮಕ್ಕಳ ದಿನಾಚರಣೆಯಲ್ಲಾಗಲಿ ಪುಟ್ಟ ಮಕ್ಕಳಿಗೆ ಆಟ ಏರ್ಪಡಿಸುವ ಯುವಕರಿಗೆ ಎರಡು ಮಾತು ಹೇಳಬೇಕು. ಕುರ್ಚಿ ಆಟ ಬೇಡ. ಔಟಾದ ಮೂರು ವರ್ಷದ ಮಗುವಿಗೆ ತಾನೇಕೆ ಹೊರಗೆ ನಿಲ್ಲಬೇಕೆಂಬುದು ತಿಳಿಯುವುದಿಲ್ಲ, ಅಳು ಶುರುವಾದರೆ ಉಳಿದ ಮಕ್ಕಳಿಗೂ ಹರಡುತ್ತದೆ. ಮೊದಲ ಬಹುಮಾನ, ಎರಡನೇ ಬಹುಮಾನ ಎಂದೂ ಬೇಡ, ಎಲ್ಲರಿಗೂ ಒಂದೇ ಬಗೆಯ ಸಿಹಿ ಕೊಡಿ. ಒಂದು ಆಟ ಹತ್ತು ನಿಮಿಷ ದಾಟಬಾರದು. ಮೈಕಿನ ಅಬ್ಬರ ತಗ್ಗಿಸಿ. ಬಲೂನು ಚೆಂದ ಕಾಣುತ್ತದೆ ನಿಜ, ಒಡೆದ ಬಲೂನಿನ ಚೂರು ಮಾತ್ರ ಮಗುವಿನ ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಇಡೀ ಶೇಂಗಾ, ಮಣಿ, ಗೋಲಿ, ಇವೂ ಅಷ್ಟೇ. ಹತ್ತು ಮಕ್ಕಳಿಗೆ ಕನಿಷ್ಠ ಇಬ್ಬರು ದೊಡ್ಡವರು ನೆಲದ ಮೇಲೆ ಮಕ್ಕಳ ಮಟ್ಟಕ್ಕೆ ಕೂತಿರಬೇಕು. ವೇದಿಕೆಯ ಮೇಲೆ ನಿಂತು ಮಗುವನ್ನು ಆಡಿಸಲಾಗದು.

1978ರಲ್ಲಿ ದೆಹಲಿಯಲ್ಲಿ ನಡೆದ ಐವತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ರಾಜರತ್ನಂ ಅಧ್ಯಕ್ಷರಾದರು. ಶಿಶುವಿಹಾರದ ಮೇಷ್ಟ್ರು ದೇಶದ ರಾಜಧಾನಿಯಲ್ಲಿ ಕನ್ನಡದ ಅತಿ ದೊಡ್ಡ ಗೌರವದ ಪೀಠದಲ್ಲಿ ಕುಳಿತರು. ಮರುವರ್ಷವೇ, 1979ರ ಮಾರ್ಚ್ 13ರಂದು ತೀರಿಕೊಂಡರು. ಆಗ ಅವರಿಗೆ ಎಪ್ಪತ್ತು ವರ್ಷ. ಅವರು ಬರೆದ ಪುಸ್ತಕಗಳ ಪಟ್ಟಿ ಬಹಳ ಉದ್ದವಿದೆ. ಪಂಡಿತರು ಓದುವ ಗ್ರಂಥಗಳೂ ಅದರಲ್ಲಿವೆ. ಕೆಲಸವಿಲ್ಲದ ದಿನಗಳಲ್ಲಿ ಕೂಸುಗಳಿಗಾಗಿ ಬರೆದ ಹಾಡುಗಳು ಮಾತ್ರ ಓದಲು ಬಾರದವರ ಬಾಯಲ್ಲೂ ಉಳಿದುಕೊಂಡಿವೆ.

ಇನ್ನು ಉಳಿದದ್ದು ನಾಯಿಮರಿಯ ಹಾಡು. ಇದರ ಬಗ್ಗೆ ಪಾಲಕರಿಂದ ಆಗಾಗ ಪ್ರಶ್ನೆ ಬರುವುದುಂಟು. ಮುಸ್ಲಿಂ ಮಕ್ಕಳಿಗೆ ನಾಯಿಯ ಹಾಡು ಏಕೆ, ಬೇರೆ ಯಾವುದೂ ಇಲ್ಲವೇ ಎಂದು. ಹಾಡಿನಲ್ಲಿರುವುದು ಮನೆ ಕಾಯುವ ನಾಯಿ. ತಿಂಡಿ ಕೊಟ್ಟರೆ ಏನು ಮಾಡುವೆ ಎಂದು ಕೇಳಿದರೆ ಗಟ್ಟಿಯಾಗಿ ಬೆಳೆದು ಕಳ್ಳ ಬಂದಾಗ ಬೊಗಳುತ್ತೇನೆ ಎನ್ನುತ್ತದೆ. ಕಾವಲಿಗೆ ನಾಯಿ ಸಾಕಲು ನಮ್ಮಲ್ಲಿ ಅನುಮತಿ ಇದೆ. ಸೂರಃ ಕಹ್ಫ್‌ನಲ್ಲಿ ಗುಹೆಯಲ್ಲಿ ಮಲಗಿದ ಯುವಕರ ಜೊತೆ ಹೊಸ್ತಿಲಲ್ಲಿ ಕಾಲು ಚಾಚಿ ಮಲಗಿದ ನಾಯಿಯ ಪ್ರಸ್ತಾಪವಿದೆ. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತಂದು ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದ ಹದೀಸ್ ಕೂಡ ಪ್ರಸಿದ್ಧ. ಆದ್ದರಿಂದ ಹಾಡನ್ನು ಬಿಡಬೇಡಿ, ಆಡಿಸಿ. ಮಕ್ಕಳನ್ನು ಎರಡು ಸಾಲಾಗಿ ಎದುರುಬದುರು ಕೂರಿಸಿ. ಒಂದು ಸಾಲು ಮನೆಯವರು, ಪ್ರಶ್ನೆ ಕೇಳುವವರು. ಇನ್ನೊಂದು ಸಾಲು ನಾಯಿಮರಿಗಳು, ಉತ್ತರ ಹೇಳುವವರು. ದೊಡ್ಡವರೊಬ್ಬರು ತಲೆಗೆ ಟವೆಲ್ ಸುತ್ತಿ ಕಳ್ಳನಾಗಿ ಮೆಲ್ಲಗೆ ಬರಲಿ. ಒಂದೂ ಮಾತಾಡದ ಆ ನಾಚಿಕೆಯ ಮಗುವನ್ನು ನಾಯಿ ಮರಿಗಳ ಸಾಲಿನ ತುದಿಯಲ್ಲಿ, ಕಳ್ಳ ಬರುವ ಕಡೆಗೇ ಕೂರಿಸಿ. ಬೊಗಳಲು ಉರ್ದುವೂ ಬೇಡ, ಕನ್ನಡವೂ ಬೇಡ. ಮೊದಲ ದಿನ ಅದು ಬೊಗಳಿದರೆ ಸಾಕು. ನಾಲ್ಕನೆಯ ದಿನವೋ ಐದನೆಯ ದಿನವೋ ಎದುರಿನ ಸಾಲಿಗೆ ಕಳುಹಿಸಿ, ಪ್ರಶ್ನೆಯನ್ನು ಅದೇ ಕೇಳಲಿ.